ನಿಷ್ಕಾರಣ ಪಟ್ಟಣಯಾನ ಮೀಮಾಂಸೆ

ಗಂಡ ಹೆಂಡತಿ ಇಬ್ಬರೇ, ಯಾವ ಕಾರಣವೂ ಇಲ್ಲದೆ, ಮದ್ದೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿ ಬರುವುದು ಸಾಧ್ಯವೇ? ಸಾಧ್ಯವಿಲ್ಲವೆಂಬುದು ನಮ್ಮ ಬೀದಿಯ ಪ್ರಾಚೀನ ಮತ. ಸಾಧ್ಯವೆಂದು ತೋರಿಸಹೊರಟ ಒಂದು ಜೋಡಿಯ ಗತಿ ಏನಾಯಿತೆಂಬುದನ್ನು ಇಲ್ಲಿ ಶಾಸ್ತ್ರೋಕ್ತವಾಗಿ ನಿರೂಪಿಸಲಾಗುವುದು.

ಮೊದಲು ಪೂರ್ವಪಕ್ಷ. ಮದ್ದೂರಿನದು ಶಿಂಷೆ, ಪಟ್ಟಣದ್ದು ಕಾವೇರಿ. ಶಿಂಷೆ ಕಾವೇರಿಯನ್ನು ಸೇರುವುದು ಪಟ್ಟಣ ದಾಟಿ ಎಷ್ಟೋ ಕೆಳಗೆ. ಅಂದರೆ ಮದ್ದೂರಿನ ನೀರೇ ಪಟ್ಟಣದ ಮುಖ ನೋಡಿಲ್ಲ. ನೀರಿಗಿಲ್ಲದ ಉಸಾಬರಿ ಮನುಷ್ಯರಿಗೇಕೆ? ಪಟ್ಟಣದ ಆದಿರಂಗನೇ ಏಕೆ ಬೇಕು, ಶಿವನಸಮುದ್ರಕ್ಕೆ ಬಂದು ಮಧ್ಯರಂಗನನ್ನೇ ನೋಡಬಹುದಲ್ಲ ಎಂದು ಮಳವಳ್ಳಿ ಕಡೆಯ ಪಂಡಿತರು ದನಿಗೂಡಿಸುತ್ತಾರೆ. ಅದು ತಾಲ್ಲೂಕಿನ ಅಭಿಮಾನ, ತರ್ಕವಲ್ಲ, ಬಿಟ್ಟುಬಿಡೋಣ.

ಗಟ್ಟಿ ಆಕ್ಷೇಪ ಬಂದದ್ದು ಎದುರುಮನೆಯ ಜಗಲಿಯಿಂದ.

"ಎಲ್ಗವ್ವಾ ಒಂಟ್ರಿ?"

"ಪಟ್ಣಕ್ಕೆ ಕಣಜ್ಜಿ."

"ಅಯ್ಯೋ ಸಿವ್ನೆ! ಯಾರ್ ಓದ್ರವ್ವಾ?"

"ಯಾರೂ ಓಗಿಲ್ಲ. ಸುಮ್ನೆ."

ಅಜ್ಜಿಯ ಪ್ರಶ್ನೆಯಲ್ಲಿ ದೋಷವಿಲ್ಲ. ಈ ಸೀಮೆಯಲ್ಲಿ ಪಟ್ಟಣವೆಂದರೆ ಪಶ್ಚಿಮವಾಹಿನಿ, ಪಶ್ಚಿಮವಾಹಿನಿಯೆಂದರೆ ಅಸ್ಥಿ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವೂ ಬಂದದ್ದು ಅಲ್ಲಿಗೇ. ಸತ್ತವರಿಲ್ಲದಿದ್ದರೆ ಉಳಿಯುವ ಕಾರಣ ಗಂಜಾಂ ನಿಮಿಷಾಂಬೆಯ ಹರಕೆ. ಈ ದಂಪತಿಗೆ ಪಿಯುಸಿ ಓದುವ ಮಗನಿದ್ದಾನೆ, ಆದ್ದರಿಂದ ಹರಕೆ ಸಂತಾನದ್ದಲ್ಲ, ರಿಸಲ್ಟಿನದು ಎಂದು ಅಜ್ಜಿ ಅನುಮಾನ ಪ್ರಮಾಣದಿಂದ ನಿರ್ಣಯಿಸಿದರು. "ಸುಮ್ನೆ" ಎಂಬುದನ್ನು ಯಾವ ದರ್ಶನವೂ ಪ್ರಮಾಣವೆಂದು ಒಪ್ಪಿಲ್ಲ.

ರೈಲು ಹತ್ತಿದ ಮೇಲೆ ವಡೆಯವನು ಬಂದ. ಮದ್ದೂರಿನವರು ಮದ್ದೂರು ವಡೆಯನ್ನು ರೈಲಿನಲ್ಲಿ ಕೊಳ್ಳಬಹುದೇ ಎಂಬುದು ಪ್ರತ್ಯೇಕ ಗ್ರಂಥಕ್ಕಾಗುವ ವಿಷಯ. ಗಂಡ ಎರಡು ಕೊಂಡ. "ಮನೇಲ್ ಮಾಡುದ್ರೆ ಈರುಳ್ಳಿ ಜಾಸ್ತಿ ಅಂತೀರಿ," ಎಂದು ಹೆಂಡತಿ ಯಲಿಯೂರು ದಾಟುವವರೆಗೆ ಕಿಟಕಿಯ ಕಡೆ ತಿರುಗಿ ಕುಳಿತಳು.

ಪಟ್ಟಣದಲ್ಲಿ ಇಳಿದವರಿಗೆ ಮೊದಲು ಕಾಣಿಸಿದ್ದು ಟಿಪ್ಪುವಿನ ಕಾಲದ ಮದ್ದಿನ ಮನೆ. 2017ರಲ್ಲಿ ಜೋಡಿಹಳಿಗೆ ಅಡ್ಡವಾಯಿತೆಂದು ಅದನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸಾಗಿಸಿದರು. ಸಾವಿರ ಟನ್ ತೂಕದ ಕಟ್ಟಡ ಪ್ರಯಾಣ ಹೊರಟಾಗಲೂ ಕಾರಣವಿತ್ತೆಂಬುದು ನಮ್ಮ ಪೂರ್ವಪಕ್ಷಕ್ಕೆ ಮತ್ತೊಂದು ಬಲ.

ಕೋಟೆ, 1799ರಲ್ಲಿ ಟಿಪ್ಪು ಬಿದ್ದ ಜಾಗ, ಗುಂಬಜ್, ಸಂಗಮ ಇವುಗಳ ಮೇಲೆ ಪುಸ್ತಕಗಳು ಬೇಕಾದಷ್ಟಿವೆ. ನಮ್ಮ ದಂಪತಿಯೂ ಅವನ್ನು ಬೇಗ ಮುಗಿಸಿತು, ಬಿಸಿಲಿತ್ತು. ಕಾಲು ನಿಂತದ್ದು ದರಿಯಾ ದೌಲತ್ತಿನಲ್ಲಿ. 1784ರ ಈ ಬೇಸಿಗೆ ಅರಮನೆಯ ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಹೈದರನೂ ಟಿಪ್ಪುವೂ ಆನೆ ಕುದುರೆಗಳ ಮೇಲೆ ಗುಲಾಬಿ ಮೂಸುವಷ್ಟು ನಿರಾಳ. ನಡುವೆ ಸಿಪಾಯಿಗಳು ಕಟ್ಟಿದ ಚೌಕ, ಅದರೊಳಗೆ ಪಲ್ಲಕ್ಕಿ, ಪಲ್ಲಕ್ಕಿಯೊಳಗೆ ಇಂಗ್ಲಿಷರ ಕರ್ನಲ್ ಬೇಯ್ಲಿ, ಬಾಯಲ್ಲಿ ಬೆರಳು. ಗಂಡ ಈಸ್ಟ್ ಇಂಡಿಯಾ ಕಂಪನಿಯ ಸಮರತಂತ್ರವನ್ನು ವಿವರಿಸತೊಡಗಿದ. ಹೆಂಡತಿ ಬೇಯ್ಲಿಯನ್ನೇ ಬಹಳ ಹೊತ್ತು ನೋಡಿ, "ಕರೆಂಟ್ ಬಿಲ್ ಬಂದಾಗ ನೀವೂ ಇಂಗೇ ಕೂತ್ಕೋತೀರಿ ಕಣ್ರೀ," ಎಂದಳು. ಇಬ್ಬರೂ ನಕ್ಕರು. ಈ ಚಿತ್ರದ ಬಗ್ಗೆ ಇದಕ್ಕಿಂತ ಸೂಕ್ಷ್ಮವಾದ ಮಾತನ್ನು ನಾವು ಕೇಳಿಲ್ಲ. ಕಾರಣವಿಲ್ಲದ ಪ್ರಯಾಣಕ್ಕೆ ಆ ದಿನ ದೊರೆತ ಏಕೈಕ ಸಾಕ್ಷ್ಯವೂ ಆ ನಗುವೇ. ಆದರೆ ಅದನ್ನು ಊರಿಗೆ ತಂದು ತೋರಿಸುವಂತಿಲ್ಲ.

ಊರಿಗೆ ಮರಳಿದಾಗ ಜಗಲಿಯ ಸಭೆ ಪರಿಶೀಲನೆ ನಡೆಸಿತು. ಗಂಡನ ತಲೆಯಲ್ಲಿ ಕೂದಲಿದೆ, ಆದ್ದರಿಂದ ಸಾವಲ್ಲ. ಕೈಯಲ್ಲಿ ನಿಂಬೆಹಣ್ಣಿಲ್ಲ, ಹಸಿರು ಬಳೆಯಿಲ್ಲ, ಆದ್ದರಿಂದ ಹರಕೆಯಲ್ಲ. ಬೇರೆಲ್ಲ ಕಳೆದು ಉಳಿದದ್ದೇ ಸತ್ಯವೆಂಬ ಪರಿಶೇಷ ನ್ಯಾಯವನ್ನು ಅಜ್ಜಿ ಪ್ರಯೋಗಿಸಿದರು: "ಸೈಟ್ ನೋಡಕ್ ಓಗವ್ರೆ. ಯೋಳ್ತಾ ಇಲ್ಲ ಅಷ್ಟೆ."

ಮಾರನೆಯ ಬೆಳಿಗ್ಗೆ ಬ್ರೋಕರ್ ಒಬ್ಬ ಬಾಗಿಲಿಗೆ ಬಂದ. ಪಟ್ಟಣದ ಹತ್ತಿರ ಮೂವತ್ತು ನಲವತ್ತರ ಕಾರ್ನರ್ ಸೈಟ್ ಇದೆಯಂತೆ, ಪೂರ್ವಕ್ಕೆ ಬಾಗಿಲು, ಖಾತೆ ಕ್ಲಿಯರ್. ಹೆಂಡತಿ ಒಳಗಿನಿಂದ ಬೇಡವೆಂದು ಕೂಗುವಷ್ಟರಲ್ಲಿ ಗಂಡ ಅಡಿಗೆಷ್ಟು ಎಂದು ಕೇಳಿಯಾಗಿತ್ತು.