ದೇವರ ವಾಹನಕ್ಕಿರೋ ಮರ್ಯಾದೆ ನನಗಿಲ್ಲ: ಒಂದು ಮಸ್ಟಾಂಗ್ ಸಂದರ್ಶನ

ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಬಗ್ಗೆ ಮಾತಾಡದವರು ಈಗ ಯಾರೂ ಉಳಿದಿಲ್ಲ. ಮಂತ್ರಿಗಳು ಮಾತಾಡಿದರು. ಕಾರು ಕಂಪನಿಗಳು ಒಂದು ದಿನ ಒಂದು ಥರ, ಮರುದಿನ ಇನ್ನೊಂದು ಥರ ಮಾತಾಡಿದವು. ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರಿನಲ್ಲಿ ಅದರ ವಿರುದ್ಧದ ಅರ್ಜಿಯನ್ನೇ ವಜಾ ಮಾಡಿತು. ನನ್ನ ಮೆಕ್ಯಾನಿಕ್ ಒಬ್ಬ ಮಾತಾಡುವುದಿಲ್ಲ; ನನ್ನ ಹಳೇ ಚೇತಕ್ ಸ್ಕೂಟರಿನ ಕಾರ್ಬೊರೇಟರ್ ಬಿಚ್ಚಿ, ಮೂಸಿ, ನನ್ನ ಮುಖ ನೋಡುತ್ತಾನೆ. ಇಷ್ಟೆಲ್ಲ ಗದ್ದಲದಲ್ಲಿ ಆ ಪೆಟ್ರೋಲು ಕುಡಿಯುವ ಗಾಡಿಯನ್ನು ಮಾತ್ರ ಯಾರೂ ಕೇಳಿಲ್ಲ. ಆ ಕೊರತೆ ನೀಗಿಸಲು ನವೆಂಬರಿನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ನೋವೈ ಊರಿನ ಕನ್ನಡಿಗರೊಬ್ಬರ ಗ್ಯಾರೇಜಿಗೆ ಹೋದೆ. ಅಲ್ಲಿ 1965ರ ಫೋರ್ಡ್ ಮಸ್ಟಾಂಗ್ ಒಂದನ್ನು ಚಳಿಗಾಲದ ನಿದ್ದೆಗೆ ಅಣಿ ಮಾಡುತ್ತಿದ್ದರು. ಯಜಮಾನರ ಮನೆಯಲ್ಲಿ ಇಪ್ಪತ್ತು ವರ್ಷ ಇದ್ದು ಗಾಡಿಗೂ ಹಾಸನದ ಕನ್ನಡ ಬಂದಿದೆ.

ನಾನು: ನೇರವಾಗಿ ವಿಷಯಕ್ಕೆ ಬರ್ತೀನಿ. ಎಥನಾಲ್ ಬಗ್ಗೆ ನಿಮ್ಮ ಅಭಿಪ್ರಾಯ?

ಮಸ್ಟಾಂಗ್: ಮೊದಲು ಇಲಿ ವಿಷಯ ಮಾತಾಡೋಣ.

ನಾನು: ಇಲಿ?

ಮಸ್ಟಾಂಗ್: ಇಲಿ ಸ್ವಾಮಿ. ಅಕ್ಟೋಬರಲ್ಲಿ ಆಯುಧ ಪೂಜೆ ಮಾಡಿದ್ರು. ಬೇಡ ಅನ್ನಲ್ಲ ನಾನು. ಬಾನೆಟ್ ಮೇಲೆ ವಿಭೂತಿ, ಕುಂಕುಮ, ಚಕ್ರದಡಿ ನಿಂಬೆಹಣ್ಣು. ಬೂದುಗುಂಬಳ ಸಿಗಲಿಲ್ಲ ಅಂತ ಹ್ಯಾಲೋವೀನ್ ಕುಂಬಳಕಾಯಿ ಒಡೆದ್ರು. ಆಮೇಲೆ ಕಡ್ಲೆಪುರಿ ಹಂಚಿದ್ರು. ಮಕ್ಕಳು ನನ್ನ ಹಿಂದಿನ ಸೀಟಲ್ಲಿ ಕೂತು ತಿಂದ್ರು. ಅರ್ಧ ಬಾಯಿಗೆ, ಅರ್ಧ ಸೀಟಿನ ಸಂದಿಗೆ. ವಾರ ಕಳೆದಿಲ್ಲ, ಊರ ಇಲಿಗೆಲ್ಲ ಸುದ್ದಿ ಮುಟ್ಟಿದೆ.

ನಾನು: ಓದುಗರಿಗೆ ನಿಮ್ಮ ಪರಿಚಯ ಬೇಕಲ್ಲ. ಹುಟ್ಟಿದ್ದು?

ಮಸ್ಟಾಂಗ್: ಡಿಯರ್‌ಬಾರ್ನ್, ಇಲ್ಲಿಂದ ಅರ್ಧ ಗಂಟೆ ದಾರಿ. ನಮ್ಮ ಕುಲವನ್ನ ಲೋಕಕ್ಕೆ ತೋರಿಸಿದ್ದು 1964ರ ಏಪ್ರಿಲ್ 17ಕ್ಕೆ, ನ್ಯೂಯಾರ್ಕ್ ವಿಶ್ವ ಮೇಳದಲ್ಲಿ. ಬೆಲೆ 2,368 ಡಾಲರ್. ಮೊದಲ ದಿನವೇ 22,000 ಜನ ಆರ್ಡರ್ ಕೊಟ್ಟರು. ಎರಡು ವರ್ಷ ತುಂಬೋದರೊಳಗೆ ಹತ್ತು ಲಕ್ಷ ಆದ್ವಿ. ಅಷ್ಟು ದೊಡ್ಡ ವಂಶದಲ್ಲಿ ಹುಟ್ಟಿ ಈಗ ಹೀಟರ್ ಡಬ್ಬಿಯೊಳಗೆ ಇಲಿಗೆ ಬಾಣಂತನ ಮಾಡ್ತಿದೀನಿ.

ನಾನು: ಇಲಿಗೆ ಏನಾದ್ರೂ ಉಪಾಯ ಮಾಡಿರ್ಬೇಕಲ್ಲ?

ಮಸ್ಟಾಂಗ್: ಎಲ್ಲಾ ಮಾಡಿದ್ದಾರೆ. ನ್ಯಾಫ್ತಲಿನ್ ಗುಳಿಗೆ ಇಟ್ಟರು, ನನ್ನ ಸೀಟು ಮುಂದಿನ ಬೇಸಿಗೆವರೆಗೂ ಅಜ್ಜಿಯ ಟ್ರಂಕಿನ ವಾಸನೆ ಹೊಡೀತು. ಪುದೀನಾ ಎಣ್ಣೆ ಸವರಿದ್ರು. ಸೋಪು ಇಟ್ಟರು, ಅದನ್ನೂ ಕಚ್ಚಿ ನೋಡಿದ್ವು. ಇಲ್ಲಿ ಬಟ್ಟೆ ಒಣಗಿಸೋ ಮೆಶೀನಿಗೆ ಹಾಕೋ ಘಮಘಮ ಹಾಳೆ ಇರುತ್ತೆ. ಅದರ ವಾಸನೆಗೆ ಇಲಿ ಓಡಿಹೋಗುತ್ತೆ ಅಂತ ಯಾರೋ ಹೇಳಿದ್ರು. ಓಡಿಹೋಗಲಿಲ್ಲ. ಅದನ್ನೇ ಚೂರುಚೂರು ಮಾಡಿ ಮರಿಗೆ ಹಾಸಿಗೆ ಹಾಸಿದ್ವು.

ನಾನು: ಬೋನು?

ಮಸ್ಟಾಂಗ್: ಅಲ್ಲೇ ಇರೋದು ತಕರಾರು! ಯಜಮಾನ್ರು ಬೋನು ತಂದ್ರು. ಅಮ್ಮಾವ್ರು ಬೇಡ ಅಂದ್ರು. ಯಾಕೆ? ನನ್ನ ಡ್ಯಾಶ್‌ಬೋರ್ಡ್ ಮೇಲೆ ಗಣಪತಿ ಕೂತಿದಾನೆ. ಅವನ ಕಾಲ ಬುಡದಲ್ಲಿ ಕಡಲೆ ಗಾತ್ರದ ಇಲಿ. ‘ಅದು ವಾಹನ ಕಣ್ರೀ’ ಅಂದ್ರು ಅಮ್ಮಾವ್ರು. ಹಂಗಾದ್ರೆ ನಾನೇನು ಸ್ವಾಮಿ? ಅದು ದೇವರ ವಾಹನ, ನಾನು ಬರೀ ಇವರ ವಾಹನ. ಅದಕ್ಕಿರೋ ಮರ್ಯಾದೆ ನನಗಿಲ್ಲ.

(ಈ ಹೊತ್ತಿಗೆ ಯಜಮಾನರು ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಉಂಡೆ ಮಾಡಿ ಸೈಲೆನ್ಸರ್ ಬಾಯಿಗೆ ತುರುಕುತ್ತಿದ್ದರು. ತೆಗೆಯುವುದು ಮರೆತು ವಸಂತದಲ್ಲಿ ಸ್ಟಾರ್ಟ್ ಮಾಡಬಾರದಲ್ಲ. ಅದಕ್ಕೆ ಗುರುತಾಗಿ ಯಾರೋ ಅರಿಶಿನ ಕುಂಕುಮಕ್ಕೆ ಕೊಟ್ಟ ಕೆಂಪು ರವಿಕೆ ಕಣದಿಂದ ಒಂದು ಗೇಣು ಹರಿದು ಅದಕ್ಕೆ ಗಂಟು ಹಾಕಿದರು.)

ನಾನು: ಈಗ ಪೆಟ್ರೋಲಿಗೆ ಬರೋಣ. ನಿಮಗೆ ಇಲ್ಲಿ ಎಷ್ಟು ಪರ್ಸೆಂಟ್ ಎಥನಾಲ್ ಕುಡಿಸ್ತಾರೆ?

ಮಸ್ಟಾಂಗ್: ಸಾಮಾನ್ಯ ಬಂಕಲ್ಲಿ 10.

ನಾನು: ನಮ್ಮಲ್ಲಿ 20! 2030ಕ್ಕೆ ಅಂತ ಇದ್ದ ಗುರಿಯನ್ನ ಐದು ವರ್ಷ ಮುಂಚೆಯೇ ಮುಟ್ಟಿದ್ವಿ. ನೀತಿ ಆಯೋಗದ 2021ರ ವರದಿಯೇ ಹಳೆ ಕಾರಿಗೆ ಮೈಲೇಜು 6-7 ಪರ್ಸೆಂಟ್ ಇಳಿಯುತ್ತೆ ಅಂದಿತ್ತು, ಸ್ಕೂಟರಿಗೆ 3-4. ಬಂಕಲ್ಲಿ ಕೇಳಿದ್ರೆ ‘ಬೇರೆ ಇಲ್ಲ ಸರ್, ಹಾಕಲಾ ಬೇಡ್ವಾ?’ ಅಂತಾರೆ. ನನ್ನ ಚೇತಕ್ಕು...

ಮಸ್ಟಾಂಗ್: ಸಂದರ್ಶನ ನನ್ನದೋ ಚೇತಕ್ಕಿಂದೋ?

ನಾನು: ನಿಮ್ಮದೇ. ಹೇಳಿ.

ಮಸ್ಟಾಂಗ್: ಎಥನಾಲಿಗೆ ನೀರು ಅಂದ್ರೆ ಪ್ರಾಣ. ಗಾಳಿಯಲ್ಲಿರೋ ತೇವವನ್ನೂ ಎಳ್ಕೊಳ್ಳುತ್ತೆ. ದಿನಾ ಓಡೋ ಗಾಡಿಯಲ್ಲಿ ಅದು ಸುಟ್ಟುಹೋಗುತ್ತೆ. ನಾನು ಈಗ ಮಲಗಿದ್ರೆ ಏಳೋದು ಏಪ್ರಿಲಿಗೆ. ಅಷ್ಟರಲ್ಲಿ ನೀರು ಹೆಚ್ಚಾದ್ರೆ ಎಥನಾಲು ಪೆಟ್ರೋಲನ್ನ ಬಿಟ್ಟು ನೀರಿನ ಜೊತೆ ಟ್ಯಾಂಕಿನ ತಳಕ್ಕೆ ಇಳಿಯುತ್ತೆ. ಟ್ಯಾಂಕು ತುಕ್ಕು, ರಬ್ಬರ್ ಪೈಪು ಮೆತ್ತಗೆ, ಕಾರ್ಬೊರೇಟರಲ್ಲಿ ಅಂಟು. ಅದಕ್ಕೇ ಯಜಮಾನ್ರು ಮಲಗಿಸೋ ಮುಂಚೆ ಎಥನಾಲ್ ಇಲ್ಲದ ಪೆಟ್ರೋಲ್ ಹುಡುಕಿ ಟ್ಯಾಂಕು ಕಂಠಪೂರ್ತಿ ತುಂಬಿಸ್ತಾರೆ. ಖಾಲಿ ಜಾಗ ಇದ್ರೆ ತಾನೇ ತೇವಕ್ಕೆ ಜಾಗ? ಜೊತೆಗೆ ಪೆಟ್ರೋಲು ಕೆಡದ ಹಾಗೆ ಒಂದು ಔಷಧಿ ಸುರಿದು ಹತ್ತು ನಿಮಿಷ ಓಡಿಸ್ತಾರೆ. ಟ್ಯಾಂಕಲ್ಲಿದ್ರೆ ಸಾಲದು, ಕಾರ್ಬೊರೇಟರಿಗೂ ಇಳೀಬೇಕು.

ನಾನು: ಕೇಳಿದಿರಾ ಓದುಗರೇ, ಎಥನಾಲ್ ಇಲ್ಲದ ಪೆಟ್ರೋಲ್ ಹುಡುಕಿದ್ರೆ ಸಿಗುತ್ತಂತೆ! ಮಿಕ್ಕ ತಯಾರಿ?

ಮಸ್ಟಾಂಗ್: ಮೊದಲು ಸ್ನಾನ. ಕುಂಕುಮ ಉಳಿದ್ರೆ ಬಣ್ಣಕ್ಕೆ ಹಿಡಿಯುತ್ತೆ. ಆಮೇಲೆ ಎಂಜಿನ್ ಆಯಿಲು. ವಸಂತದಲ್ಲಿ ಹೇಗೂ ಬದಲಾಯಿಸ್ಬೇಕಲ್ಲ ಅಂತ ಕೆಲವರು ಬಿಟ್ಟುಬಿಡ್ತಾರೆ. ಓಡಿದ ಆಯಿಲಲ್ಲಿ ಆಮ್ಲ, ನೀರು ಸೇರಿರುತ್ತೆ. ಐದು ತಿಂಗಳು ಅದರಲ್ಲಿ ಬೇರಿಂಗು ನೆನೀಬೇಕಾ? ರೇಡಿಯೇಟರಿಗೆ ಅರ್ಧ ನೀರು, ಅರ್ಧ ಕೂಲೆಂಟು. ಮೈನಸ್ 37 ಡಿಗ್ರಿವರೆಗೂ ಗಡ್ಡೆ ಕಟ್ಟಲ್ಲ. ಬ್ಯಾಟರಿಗೆ ಸಣ್ಣ ಚಾರ್ಜರು, ಟೈರಿಗೆ ನಾಲ್ಕೈದು ಪೌಂಡು ಜಾಸ್ತಿ ಗಾಳಿ. ಹ್ಯಾಂಡ್‌ಬ್ರೇಕ್ ಎಳೀಬಾರದು, ಬ್ರೇಕ್ ಶೂ ಡ್ರಮ್ಮಿಗೆ ಅಂಟ್ಕೊಂಡುಬಿಡುತ್ತೆ. ಚಕ್ರಕ್ಕೆ ಮರದ ತುಂಡು ಕೊಟ್ಟರೆ ಆಯ್ತು. ಮೇಲೆ ಹತ್ತಿ ಹೊದಿಕೆ. ಪ್ಲಾಸ್ಟಿಕ್ ಹೊದಿಸಿದ್ರೆ ಒಳಗೇ ಬೆವರ್ತೀನಿ. ಆದ್ರೆ ಇದನ್ನೆಲ್ಲ ಮಾಡಿ ಏನುಪಯೋಗ, ವಿಂಡ್‌ಶೀಲ್ಡ್ ಕೆಳಗೆ ಗಾಳಿ ಹೋಗೋ ಜಾಲರಿ ಇದೆಯಲ್ಲ, ಅಲ್ಲಿಂದ...

ನಾನು: ಇಲಿ?

ಮಸ್ಟಾಂಗ್: ಇಲಿ!

ನಾನು: ಉಪ್ಪಿನ ಬಗ್ಗೆ ಏನೂ ಹೇಳಲಿಲ್ಲ ನೀವು. ಹಿಮ ಕರಗಿಸೋಕೆ ಇಲ್ಲಿನ ರಸ್ತೆಗೆಲ್ಲ ಉಪ್ಪು ಸುರೀತಾರೆ, ಅದಕ್ಕೆ ಹೆದರಿಯೇ ನಿಮ್ಮಂಥವರನ್ನ ಒಳಗಿಡೋದು ಅಂತ ಕೇಳಿದ್ದೆ.

ಮಸ್ಟಾಂಗ್: ಅದು ಹಣೆಬರಹ, ದೂರೋಕೆ ಏನಿದೆ? ಡೆಟ್ರಾಯಿಟ್ ಊರಿನ ಕೆಳಗೆ ಸುಮಾರು 1,100 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ. 1,500 ಎಕರೆ. ಮೇಲೆ ಕಾರು ಮಾಡಿದ್ರು, ಕೆಳಗೆ ಉಪ್ಪು ಅಗೆದ್ರು, ಉಪ್ಪು ತಂದು ಕಾರಿನ ದಾರಿಗೇ ಸುರಿದ್ರು. ಉಪ್ಪು ತಿಂದವನು ನೀರು ಕುಡೀಬೇಕು ಅಂತೀರಿ ನೀವು. ಇಲ್ಲಿ ಉಪ್ಪೇ ನಮ್ಮನ್ನ ತಿನ್ನುತ್ತೆ. ನನ್ನ ಓರಗೆಯವರು ಅರ್ಧಕ್ಕರ್ಧ ತಳ ತೂತಾಗಿ ಗುಜರಿ ಸೇರಿದ್ರು. ಹೊರಗೆ ನಿಂತಿರೋ ಆ ಟೊಯೊಟಾ ನೋಡಿ, ದಿನಾ ದುಡಿಯೋದು ಅದು, ಹಿಮದಲ್ಲಿ ನಿಲ್ಲೋದೂ ಅದೇ. ವರ್ಷಕ್ಕೊಮ್ಮೆ ಆಗಸ್ಟಲ್ಲಿ ವುಡ್‌ವರ್ಡ್ ರಸ್ತೆಯ ಹಳೇ ಕಾರುಗಳ ಮೆರವಣಿಗೆಗೆ ಹೋಗಿಬರೋ ನನಗೆ ಹೀಟರಿರೋ ಕೋಣೆ.

ನಾನು: ತಿಂಗಳಿಗೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ರೆ ಒಳ್ಳೇದಲ್ವಾ?

ಮಸ್ಟಾಂಗ್: ಅದೇ ಎಲ್ಲರೂ ಮಾಡೋ ಎಡವಟ್ಟು. ಐದು ನಿಮಿಷಕ್ಕೆ ನಾನು ಪೂರ್ತಿ ಬಿಸಿಯಾಗಲ್ಲ. ಹೊಗೆಯಲ್ಲಿರೋ ನೀರು ಸೈಲೆನ್ಸರಲ್ಲಿ, ಆಯಿಲಲ್ಲಿ ಉಳಿಯುತ್ತೆ. ಮಲಗಿಸಿದ ಮೇಲೆ ಎಬ್ಬಿಸಬಾರದು. ಅದಕ್ಕಿಂತ ಮುಖ್ಯ, ಬಾಗಿಲು ಹಾಕಿದ ಜಾಗದಲ್ಲಿ ಯಾವತ್ತೂ ಎಂಜಿನ್ ಚಾಲೂ ಮಾಡಬಾರದು. ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ.

ನಾನು: ಎಥನಾಲ್ ಜಾಸ್ತಿಯಾದ್ರೆ ಕಾರ್ಬನ್ ಮಾನಾಕ್ಸೈಡ್ ಕಡಿಮೆಯಾಗುತ್ತೆ ಅಂತ ನಮ್ಮ ಸರ್ಕಾರದವರು...

ಮಸ್ಟಾಂಗ್: ಸುಮ್ನಿರಿ.

ನಾನು: ಏನಾಯ್ತು?

ಮಸ್ಟಾಂಗ್: 2025ರ ಫೆಬ್ರವರಿ 10. ಡೆಟ್ರಾಯಿಟ್ ಪೇಟೆಯ ನಡುವೆ ಒಂದು ಕ್ಯಾಸಿನೋದ ಬಹುಮಹಡಿ ಪಾರ್ಕಿಂಗು. ಅಲ್ಲೊಂದು ವ್ಯಾನು. ಅದರಲ್ಲಿ ಒಂದು ಸಂಸಾರ ಮಲಗಿತ್ತು, ಅಜ್ಜಿ, ಅಮ್ಮ, ಮಕ್ಕಳು. ಮನೆ ಇಲ್ಲ. ಬೆಚ್ಚಗಿರಲಿ ಅಂತ ಎಂಜಿನ್ ಚಾಲೂ ಇಟ್ಟಿದ್ದರು. ರಾತ್ರಿ ಯಾವಾಗಲೋ ಅದು ನಿಂತಿದೆ. ಬೆಳಗಾದ ಮೇಲೆ ನೋಡಿದರೆ ಒಂಬತ್ತು ವರ್ಷದ ಹುಡುಗನಿಗೂ ಎರಡು ವರ್ಷದ ಹುಡುಗಿಗೂ ಉಸಿರಿಲ್ಲ. ಚಳಿಗೆ ಹೋದವು ಅಂತ ಮೊದಲು ಅಂದರು. ಪರೀಕ್ಷೆ ಮಾಡಿದ ಮೇಲೆ ಕಾರ್ಬನ್ ಮಾನಾಕ್ಸೈಡ್ ಅಂತ ಬಂತು. ಇರೋಕೆ ಜಾಗ ಬೇಕು ಅಂತ ಆ ತಾಯಿ ನಗರದವರಿಗೆ ಹೇಳಿಕೊಂಡಿದ್ದಳು, ಹಿಂದಿನ ನವೆಂಬರಿನಲ್ಲೂ ಹೇಳಿಕೊಂಡಿದ್ದಳು. ತುರ್ತು ಅಂತ ಯಾರಿಗೂ ಅನ್ನಿಸಲಿಲ್ಲ. ಮಕ್ಕಳು ಸತ್ತ ಮೇಲೆ ಮೇಯರ್ ವರದಿ ಕೇಳಿದರು. ಸತ್ತ ಮೇಲೆ.

ನಾನು: ...

ಮಸ್ಟಾಂಗ್: ನಾನು ಕಬ್ಬಿಣ ಸ್ವಾಮಿ. ನನಗೆ ಚಳಿ ಆಗಲ್ಲ. ನನ್ನೊಳಗಿನ ನೀರಿಗೆ ಆಗುತ್ತೆ, ಅದಕ್ಕೂ ಔಷಧಿ ಹಾಕಿದ್ದಾರೆ. ಆದರೂ ನನಗೆ ಹೀಟರು, ತೇವ ಹೀರೋ ಮೆಶೀನು, ಹತ್ತಿ ಹೊದಿಕೆ. ಈ ಸುತ್ತಮುತ್ತ ನನ್ನಂಥವು ಸಾಲುಸಾಲಾಗಿ ಬಾಡಿಗೆ ಗೋದಾಮಿನಲ್ಲಿ ಬೆಚ್ಚಗೆ ಮಲಗಿದಾವೆ. ಬೇಸಿಗೆ ಮುಗಿಯೋ ಮುಂಚೆಯೇ ಫೋನ್ ಮಾಡಿ ಜಾಗ ಹಿಡೀತಾರೆ. ಸಿಗುತ್ತೆ. ಗಾಡಿಗೆ ಜಾಗ ಇಲ್ಲ ಅಂತ ಯಾರೂ ವಾಪಸ್ ಕಳಿಸಲ್ಲ. ನಮ್ಮ ಯಜಮಾನ್ರು ಕೆಟ್ಟೋರಲ್ಲ, ಅವತ್ತು ಪೇಪರ್ ಓದಿ ಊಟ ಬಿಟ್ಟರು. ಆದರೆ ಒಂದು ಗಾಡಿಯನ್ನ ಚಳಿಗಾಲ ದಾಟಿಸೋಕೆ ಏನೇನು ಬೇಕು ಅನ್ನೋದು ಈ ಊರಿಗೆ ಬೋಲ್ಟು ಬೋಲ್ಟು ಗೊತ್ತು. ಮಗುವನ್ನ ದಾಟಿಸೋಕೆ ಏನು ಬೇಕು ಅನ್ನೋದು ಗೊತ್ತಿಲ್ಲ ಅಂದರೆ ನಾನು ನಂಬಲ್ಲ. ಗೊತ್ತು. ಮಾಡಲಿಲ್ಲ.

ನಾನು: ನಮ್ಮ ಕಡೆ ಅಷ್ಟು ಚಳಿ ಇಲ್ಲ, ಪುಣ್ಯ.

ಮಸ್ಟಾಂಗ್: ಚಳಿ ಇಲ್ಲ ಸರಿ. ನಿಮ್ಮ ಬೆಂಗಳೂರು ಏರ್‌ಪೋರ್ಟ್ ಹತ್ತಿರ ರಾತ್ರಿ ಕ್ಯಾಬಿನ ಸೀಟು ಹಿಂದಕ್ಕೆ ಬಾಗಿಸಿ ಮಲಗ್ತಾರಲ್ಲ ಡ್ರೈವರುಗಳು, ಮಳೆ ಬಂದ್ರೆ ಗಾಜು ಏರಿಸ್ಕೊಂಡು? ಸೆಕೆ ತಡೀದೆ ಏಸಿ ಹಾಕಿದ್ರೆ ಎಂಜಿನ್ನೂ ಓಡ್ತಿರುತ್ತೆ. ಯಜಮಾನ್ರು ಊರಿಗೆ ಹೋಗಿಬಂದು ಹೇಳಿದ್ರು. ಅವರನ್ನ ಯಾರಾದ್ರೂ ಸಂದರ್ಶನ ಮಾಡಿದೀರಾ?

ನಾನು: ಮಾಡ್ಬಹುದು. ಅವರೂ ಇ20 ಹಾಕಿಸೋರೇ ಅಲ್ವಾ, ಆ ದೃಷ್ಟಿಯಿಂದ...

ಮಸ್ಟಾಂಗ್: ಎಲ್ಲಾ ದುಃಖಕ್ಕೂ ಇ20 ಕಾರಣ ಅಲ್ಲ ಸ್ವಾಮಿ. ಆ ಡ್ರೈವರುಗಳಲ್ಲಿ ಎಷ್ಟೋ ಜನ ಹಾಕಿಸೋದು ಡೀಸೆಲ್ಲು, ಇಲ್ಲಾ ಸಿಎನ್‌ಜಿ.

ನಾನು: ಕೊನೇ ಪ್ರಶ್ನೆ. ನಾನು ಊರಲ್ಲಿಲ್ಲ, ಚೇತಕ್ಕು ತಿಂಗಳಿಂದ ನಿಂತಿದೆ. ಕಾರ್ಬೊರೇಟರ್ ಗತಿ?

ಮಸ್ಟಾಂಗ್: ಇನ್ನೊಂದು ಸಲ ಊರು ಬಿಡೋವಾಗ ಪೆಟ್ರೋಲ್ ನಾಬು ಆಫ್ ಮಾಡಿ, ಬಯಲಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ, ತಾನಾಗೇ ಆರಿಹೋಗೋವರೆಗೂ ಬಿಡಿ. ಕಾರ್ಬೊರೇಟರ್ ಒಣಗುತ್ತೆ. ಒಣಗಿದ ಜಾಗದಲ್ಲಿ ಅಂಟು ಕಟ್ಟಲ್ಲ. ಐದು ನಿಮಿಷದ ಕೆಲಸ, ಕಾಸಿನ ಖರ್ಚಿಲ್ಲ. ಈ ವಿಷಯಕ್ಕೆ ಇಲ್ಲಿವರೆಗೆ ಎಷ್ಟು ಅಂಕಣ ಬರೆದಿದ್ದೀರಿ?

ನಾನು: ಲೆಕ್ಕ ಇಟ್ಟಿಲ್ಲ.

ಮಸ್ಟಾಂಗ್: ಮುಂದಿನದ್ದನ್ನ ಆ ಡ್ರೈವರುಗಳ ಬಗ್ಗೆ ಬರೀರಿ. ಚೇತಕ್ಕನ್ನ ಅದರಲ್ಲಿ ತರಬೇಡಿ.