ಏಟ್ ಹಂಡ್ರೆಡ್ ಮೇಷ್ಟ್ರು

ಮೈಸೂರಿನ ಯಾವ ಬಡಾವಣೆಗಾದರೂ ಹೋಗಿ. ಭಾನುವಾರ ಬೆಳಿಗ್ಗೆ ಪಂಚೆ ಎತ್ತಿಕಟ್ಟಿ, ಬಾನೆಟ್ಟಿನೊಳಗೆ ಅರ್ಧ ಮುಳುಗಿ, ಆಯಿಲ್ ಕಡ್ಡಿಯನ್ನು ಹರಿದ ಬನಿಯನ್ನಿನಲ್ಲಿ ಒರೆಸಿ ಬೆಳಕಿಗೆ ಹಿಡಿದು ನೋಡುವವರೊಬ್ಬರು ಇದ್ದೇ ಇರುತ್ತಾರೆ. ಬಾನೆಟ್ಟು ಮಾರುತಿ 800ರದ್ದು. ಮನುಷ್ಯರು ರಿಟೈರ್ ಆಗಿರುತ್ತಾರೆ, ಕಾರು ಆಗಿರುವುದಿಲ್ಲ. ನಮ್ಮ ಬೀದಿಯವರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು. ಅವರ ಹೆಸರು ಗೇಟಿನ ಬೋರ್ಡಿನ ಮೇಲಿದೆ, ಆದರೆ ಅದರಿಂದ ಉಪಯೋಗ ಅಂಚೆಯವನಿಗೆ ಮಾತ್ರ. ಉಳಿದವರಿಗೆಲ್ಲ ಅವರು ಏಟ್ ಹಂಡ್ರೆಡ್ ಮೇಷ್ಟ್ರು.

ಮೇಷ್ಟ್ರ ಎದುರು ಮಾತಿಗೆ ನಿಲ್ಲುವಾಗ ಕೈಯಲ್ಲಿ ಹಾಲಿನ ಪ್ಯಾಕೆಟ್ ಇರಬಾರದು, ಮನೆ ಸೇರುವಷ್ಟರಲ್ಲಿ ಒಡೆದಿರುತ್ತದೆ. ಮಾತು ಎಲ್ಲಿಂದ ಶುರುವಾದರೂ 1983ರ ಡಿಸೆಂಬರ್ 14ಕ್ಕೆ ಬಂದೇ ಬರುತ್ತದೆ. ಅವತ್ತು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ಹರ್‌ಪಾಲ್ ಸಿಂಗ್ ಎಂಬುವರ ಕೈಗೆ ಕೊಟ್ಟರು. ಮೇಷ್ಟ್ರು ವರ್ಣಿಸುವ ಧಾಟಿ ಕೇಳಿದರೆ, ಕೀಲಿಯಿದ್ದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದವರು ಇವರೇ ಇರಬೇಕು ಅನ್ನಿಸುತ್ತದೆ. ನಿಜವಾಗಿ ಇವರು ಕಾರು ಕೊಂಡದ್ದು 1996ರಲ್ಲಿ, ಸೊಸೈಟಿ ಸಾಲದಲ್ಲಿ. ಸಾಲ ತೀರಿತು, ಸೊಸೈಟಿ ಮುಚ್ಚಿತು, 2014ರ ಜನವರಿಯಲ್ಲಿ ಕಂಪನಿ ಈ ಮಾಡೆಲ್ಲನ್ನೇ ನಿಲ್ಲಿಸಿಬಿಟ್ಟಿತು. ಮೇಷ್ಟ್ರ ಕಾರಿಗೆ ಯಾರೂ ಇದನ್ನು ತಿಳಿಸಿಲ್ಲ.

"796 ಸಿಸಿ, ಮೂರೇ ಸಿಲಿಂಡರು, ನಲವತ್ತು ಹಾರ್ಸ್ ಪವರ್ರೂ ಇಲ್ಲ. ಕಾರಿನ ತೂಕ ಆರೂವರೆ ಕ್ವಿಂಟಲ್ ಆಸುಪಾಸು. ಭಾರ ಹೆಚ್ಚಿಲ್ಲ, ಆಸೆ ಹೆಚ್ಚಿಲ್ಲ, ಮತ್ತೆ ಯಾಕಪ್ಪ ಕೆಡುತ್ತೆ?" ಇದು ಅವರ ಮೊದಲ ಪ್ರಮೇಯ. ಎರಡನೆಯದು ಆಯಿಲ್ಲಿನದು. ರಾತ್ರಿಯೆಲ್ಲ ನಿಂತ ಇಂಜಿನ್ನಿನ ಆಯಿಲ್ ಬಹುಪಾಲು ಕೆಳಗಿಳಿದು ಸಂಪಿನಲ್ಲಿ ಕೂತಿರುತ್ತದೆ. ಬೆಳಿಗ್ಗೆ ಕೀಲಿ ತಿರುಗಿಸಿದ ಮೊದಲ ಕೆಲವು ಕ್ಷಣ ಲೋಹದ ಮೇಲೆ ಲೋಹ ಹೆಚ್ಚುಕಮ್ಮಿ ಒಣಗಿಕೊಂಡೇ ಉಜ್ಜುತ್ತದೆ, ಇಂಜಿನ್ ಸವೆಯುವುದು ಹೆಚ್ಚಾಗಿ ಆಗಲೇ. ಹಾಗಾಗಿ ಮೇಷ್ಟ್ರು ಚೋಕ್ ಎಳೆದು, ಸ್ಟಾರ್ಟ್ ಮಾಡಿ, ಬೀದಿ ಕೊನೆಯ ಗಣಪತಿ ಗುಡಿಯವರೆಗೂ ಆಕ್ಸಿಲರೇಟರನ್ನು ಹೆಬ್ಬೆರಳಿನಲ್ಲಷ್ಟೇ ಮುಟ್ಟುತ್ತಾರೆ. ಐದು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲು, ಒಂದು ಕಿಲೋಮೀಟರ್ ಆಚೆಯಿಲ್ಲ, ಈಚೆಯಿಲ್ಲ. ಈ ಎರಡೂ ವಿಷಯದಲ್ಲಿ ಮೇಷ್ಟ್ರು ನೂರಕ್ಕೆ ನೂರು ಸರಿ, ನಾನು ವಾದಕ್ಕೆ ಹೋಗುವುದಿಲ್ಲ.

ವಾದವಿರುವುದು ನ್ಯೂಟ್ರಲ್ ವಿಷಯದಲ್ಲಿ. ಚಾಮುಂಡಿ ಬೆಟ್ಟ ಹತ್ತುವಾಗ ಏಸಿ ಬಂದ್. ಇರುವ ಶಕ್ತಿಯೇ ಅಷ್ಟು, ಅದರಲ್ಲಿ ಕಂಪ್ರೆಸರಿಗೂ ಪಾಲು ಕೊಟ್ಟರೆ ದೇವಿ ದರ್ಶನ ಸಂಜೆಗಾಗುತ್ತದೆ, ಒಪ್ಪೋಣ. ಆದರೆ ಇಳಿಯುವಾಗ ಗೇರ್ ತೆಗೆದು ನ್ಯೂಟ್ರಲ್ಲಿಗೆ ಹಾಕಿಬಿಡುತ್ತಾರೆ. "ಇಳಿಜಾರು ದೇವರು ಕೊಟ್ಟಿದ್ದು. ಅದಕ್ಕೂ ಪೆಟ್ರೋಲ್ ಸುಡೋದೇ?" ಇಂಜಿನ್ನಿನ ಹಿಡಿತ ತಪ್ಪಿದ ಕಾರನ್ನು ಪೂರ್ತಿ ಬ್ರೇಕೇ ತಡೆಯಬೇಕು. ಪಕ್ಕದಲ್ಲಿ ಅವರ ಮನೆಯವರು ಕಣ್ಣು ಮುಚ್ಚಿ ಲಲಿತಾ ಸಹಸ್ರನಾಮ ಹೇಳುತ್ತಾರೆ. ಭಕ್ತಿ ಹೆಚ್ಚಾಗಿ ಎಂದು ಮೇಷ್ಟ್ರು ತಿಳಿದಿದ್ದಾರೆ. ಹೊಸ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲೇ ಇಳಿದರೆ ಪೆಟ್ರೋಲ್ ಪೂರ್ತಿ ನಿಂತೇಹೋಗುತ್ತದೆ, ನ್ಯೂಟ್ರಲ್ಲಿನಲ್ಲೇ ಖರ್ಚು ಜಾಸ್ತಿ ಎಂದು ಒಮ್ಮೆ ಹೇಳಿ ನೋಡಿದೆ. "ಅದು ಅವುಗಳ ಹಣೆಬರಹ" ಎಂದರು.

ಬೆಟ್ಟದಲ್ಲಿ ಉಳಿದದ್ದೆಲ್ಲ ವರ್ಷದ ಕೊನೆಗೆ ಬ್ರೇಕ್ ಲೈನರ್ ರೂಪದಲ್ಲಿ ಗ್ಯಾರೇಜಿನ ಭಾಯ್ ಕೈ ಸೇರುತ್ತದೆ. ಭಾಯ್ ಇದನ್ನು ಯಾರಿಗೂ ಹೇಳುವುದಿಲ್ಲ. ಒಳ್ಳೆಯ ಮೆಕ್ಯಾನಿಕ್ಕಿಗೂ ಒಳ್ಳೆಯ ಡಾಕ್ಟರಿಗೂ ಇರಬೇಕಾದ ಗುಣ ಅದು.

ಮೇಷ್ಟ್ರ ನಿಜವಾದ ಆಸ್ತಿ ಇರುವುದು ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ: ನೂರು ಪುಟದ ರೂಲ್ಡ್ ನೋಟ್‌ಬುಕ್ಕುಗಳು. ಫುಲ್ ಟ್ಯಾಂಕ್ ಮಾಡಿಸಿದ ದಿನಾಂಕ, ಲೀಟರು, ಮೀಟರಿನ ಅಂಕಿ, ಭಾಗಾಕಾರ, ಎರಡು ದಶಮಾಂಶದವರೆಗೆ ಉತ್ತರ. ಷರಾ ಅಂತ ಒಂದು ಕಾಲಂ ಇದೆ, ಇತಿಹಾಸಕಾರರು ನೋಡಬೇಕಾದದ್ದು ಅದನ್ನೇ. "ಎದುರು ಗಾಳಿ." "ಟೈರಿನಲ್ಲಿ ಗಾಳಿ ಎರಡು ಪೌಂಡು ಕಡಿಮೆ." "ಭಾವಮೈದುನ ಜೊತೆಗಿದ್ದರು (92 ಕೆ.ಜಿ.)." ಆ ಭಾವಮೈದುನರು ಈಗ ಬಸ್ಸಿನಲ್ಲಿ ಬರುತ್ತಾರೆ. ಬೆಂಗಳೂರಿನ ದಶಪಥದಲ್ಲಿ ಎಲ್ಲರೂ ನೂರರಲ್ಲಿ ಹೋಗುವಾಗ ಮೇಷ್ಟ್ರು ಪಕ್ಕದ ಸರ್ವೀಸ್ ರಸ್ತೆಯಲ್ಲಿ ಐವತ್ತೈದರಲ್ಲಿ ಹೋಗುತ್ತಾರೆ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಇದು ಶಾಸ್ತ್ರ. ಟೋಲ್ ಉಳಿಯುತ್ತದೆ, ಅದು ಷರಾ.

ಆ ಕಾರಿನ ಮೀಟರಿಗೆ ಐದೇ ಅಂಕಿ. 99,999 ಆದಮೇಲೆ ಮತ್ತೆ ಐದು ಸೊನ್ನೆ. ಮೊದಲ ಸಲ ಸೊನ್ನೆ ತಿರುಗುವಾಗ ನಂಜನಗೂಡಿನ ಶ್ರೀಕಂಠೇಶ್ವರನ ಎದುರೇ ತಿರುಗಬೇಕೆಂದು ಮೇಷ್ಟ್ರು ವಾರವಿಡೀ ಲೆಕ್ಕ ಹಾಕಿದರು, ಕಡಿಮೆ ಬಿದ್ದ ಕಿಲೋಮೀಟರುಗಳಿಗಾಗಿ ರಿಂಗ್ ರೋಡು ಸುತ್ತಿದರು. ಮಡಿ ಪಂಚೆ, ರೇಷ್ಮೆ ಸೀರೆ, ನಿಂಬೆಹಣ್ಣು, ಕ್ಯಾಮೆರಾ ಸಮೇತ ಸಂಸಾರ ಹೊರಟಿತು. ದಾರಿಯಲ್ಲಿ ಯಾವುದೋ ಸೇತುವೆ ರಿಪೇರಿ, ಬಳಸು ದಾರಿ, ಲೆಕ್ಕ ಏರುಪೇರು. ಐದು ಸೊನ್ನೆ ಒಟ್ಟಿಗೆ ಬಂದದ್ದು ಊರಾಚೆಯ ಒಂದು ವೈನ್ ಸ್ಟೋರ್ಸ್ ಎದುರು. ಮುಂದೆ ಹೋದರೆ ಸೊನ್ನೆ ಹೋಗುತ್ತದೆ. ಪೂಜೆ ಅಲ್ಲೇ ಆಯಿತು, ತೆಂಗಿನಕಾಯಿ ಚೂರನ್ನು ಒಳಗಿದ್ದವರು ಎದ್ದು ಬಂದು ಭಕ್ತಿಯಿಂದ ಈಸಿಕೊಂಡರು. ಫೋಟೋ ಇವತ್ತಿಗೂ ಹಾಲಿನಲ್ಲಿದೆ. ಬೋರ್ಡು ಬಿದ್ದಿರುವ ಕಡೆ ಮಗಳ ಮದುವೆ ಫೋಟೋದ ಫ್ರೇಮನ್ನು ಸ್ವಲ್ಪ ಒತ್ತಿ ತೂಗುಹಾಕಿದ್ದಾರೆ. ಆಮೇಲೆ ಇನ್ನೊಂದು ಸಲವೂ ಸೊನ್ನೆ ತಿರುಗಿದೆ, ಅದರ ಸ್ಥಳ ಅವರು ಹೇಳುವುದಿಲ್ಲ.

ಅಮೆರಿಕದ ಇರ್ವ್ ಗಾರ್ಡನ್ ಎಂಬುವರು 1966ರಲ್ಲಿ ಕೊಂಡ ವೋಲ್ವೋ ಪಿ1800 ಕಾರಿನಲ್ಲಿ 2013ರ ಹೊತ್ತಿಗೆ ಮೂವತ್ತು ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿಲೋಮೀಟರ್ ಓಡಿಸಿದ್ದರು ಎಂದಾಗ ಮೇಷ್ಟ್ರ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ಕೇಳಿದರು: "ಇಂಜಿನ್ ಬಿಚ್ಚಿದ್ರಂತೋ?" ಮಧ್ಯೆ ಬಿಚ್ಚಿ ರಿಪೇರಿ ಮಾಡಿಸಿದ್ದರು ಎಂದೆ. "ಮತ್ತೇನ್ ಬಂತು! ನಂದು ಒರಿಜಿನಲ್ಲು."

ಒರಿಜಿನಲ್ ವಿಷಯ ಭಾಯ್ ಹತ್ತಿರ ಕೇಳಬೇಕು. ಪಿಸ್ಟನ್ ರಿಂಗು ಬದಲಾಗಿದೆ, ಹೆಡ್ ಗ್ಯಾಸ್ಕೆಟ್ ಬದಲಾಗಿದೆ, ಟೈಮಿಂಗ್ ಬೆಲ್ಟು ಲೆಕ್ಕವಿಲ್ಲದಷ್ಟು ಸಲ, ಕ್ಲಚ್ ಪ್ಲೇಟು, ಸೈಲೆನ್ಸರು, ರೇಡಿಯೇಟರು, ತುಕ್ಕು ಹಿಡಿದ ಫ್ಲೋರಿಗೆ ತಗಡಿನ ತೇಪೆ. ನೀಲಿ ಹೊಗೆ ಬಂದಾಗ ಭಾಯ್, "ಮೇಷ್ಟ್ರೇ, ಗಾಡಿ ಆಯಿಲ್ ಕುಡೀತಿದೆ, ಬೋರ್‌ಗೆ ಬಂದಿದೆ" ಎಂದು ಹೇಳಿದ್ದುಂಟು. ಮೇಷ್ಟ್ರು ಅದನ್ನು ನೋಟ್‌ಬುಕ್ಕಿನಲ್ಲಿ "ಜನರಲ್ ಸರ್ವೀಸ್" ಎಂದು ಬರೆದುಕೊಂಡರು. ಬ್ಲಾಕಿನ ಮೇಲೆ ಕೆತ್ತಿರುವ ನಂಬರು ಮಾತ್ರ 1996ರದ್ದೇ, ಸುಳ್ಳಲ್ಲ.

ಆರ್‌ಟಿಒ ಆಫೀಸಿಗೂ ಮೇಷ್ಟ್ರಿಗೂ ಐದು ವರ್ಷಕ್ಕೊಮ್ಮೆ ಭೇಟಿ. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ದಾಟಿದ್ದಕ್ಕೆ 10,000 ಎಂದು ಆದೇಶ ಬಂತು. "ನನ್ನ ಪೆನ್ಷನ್ ಹೀಗೆ ಏರಿದ್ದು ನೋಡಿಲ್ಲ" ಎಂದವರೇ, ಅಷ್ಟು ದುಡ್ಡು ಪೆಟ್ರೋಲಿನಲ್ಲಿ ವಾಪಸು ಬರಬೇಕಾದರೆ ಇನ್ನೆಷ್ಟು ಬೆಟ್ಟ ಇಳಿಯಬೇಕು ಎಂದು ಲೆಕ್ಕಕ್ಕೆ ಕೂತರು.

ಅವರ ನಿದ್ದೆ ನಿಜವಾಗಿ ಕೆಟ್ಟದ್ದು ಎಥನಾಲ್‌ನಿಂದ. ಬಂಕಿನಲ್ಲಿ ಈಗ ಸಿಗುವುದು ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ ಪೆಟ್ರೋಲು. ಇದಕ್ಕೆಂದು ಮಾಡಿರದ ಹಳೆಯ ಕಾರುಗಳಲ್ಲಿ ಮೈಲೇಜು ನೂರಕ್ಕೆ ಆರೇಳರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಹಳೇ ರಬ್ಬರ್ ಪೈಪುಗಳಿಗೂ ಎಥನಾಲ್ ಒಳ್ಳೆಯದಲ್ಲ. ನೋಟ್‌ಬುಕ್ಕಿನಲ್ಲಿ 18.62 ಇದ್ದದ್ದು 17.40 ಆಯಿತು. ಮೇಷ್ಟ್ರು ಅದನ್ನು ಕೆಂಪು ಶಾಯಿಯಲ್ಲಿ ಬರೆದರು.

ಕಷ್ಟ ಏನೆಂದರೆ, ಮೇಷ್ಟ್ರ ಜಮೀನಿರುವುದು ಮದ್ದೂರಿನ ಹತ್ತಿರ, ಬೆಳೆಯುವುದು ಕಬ್ಬು. ಅವರ ಮನೆಯವರು ಸೊಪ್ಪು ಸೋಸುತ್ತಾ ಕೇಳಿದರು: "ಒಂದು ಟನ್ ಕಬ್ಬಿನ ಹಾಲಿಗೆ ಎಷ್ಟ್ರೀ ಎಥನಾಲು?" "ಎಪ್ಪತ್ತು ಲೀಟರ್ ಹತ್ರ." "ಹಂಗಾದ್ರೆ ಮುನ್ನೂರೈವತ್ತು ಲೀಟರ್ ಪೆಟ್ರೋಲಿಗೆ ಆಯ್ತಲ್ಲ. ನೀವು ವರ್ಷಕ್ಕೆ ಅಷ್ಟೂ ಹಾಕ್ಸಲ್ಲ. ನಮ್ಮ ಕಬ್ಬನ್ನ ನಮ್ಮ ಕಾರೇ ಕುಡುದ್ರೆ ನಷ್ಟ ಏನು?"

ಲೆಕ್ಕ ಸರಿಯಿತ್ತು, ಅದೇ ತೊಂದರೆ. ಮಾರನೆಯ ದಿನ ಮೇಷ್ಟ್ರು ಐವತ್ತೈದರ ವೇಗದಲ್ಲಿ ಊರಿಗೆ ಹೋಗಿ ತಮ್ಮನನ್ನು ಗದ್ದೆಯಲ್ಲೇ ಹಿಡಿದರು.

"ಈ ಸಲ ಕಬ್ಬು ಬೇಡ ಕಣೋ. ಭತ್ತ ಹಾಕು."

"ಅಕ್ಕೀಲೂ ಮಾಡ್ತಾವ್ರೆ ಕಣಣ್ಣ."

"ಮುಸುಕಿನ ಜೋಳ?"

"ಅದ್ರಲ್ಲಂತೂ ಜಾಸ್ತೀನೆ."

ಮೇಷ್ಟ್ರು ಬದುವಿನ ಮೇಲೆ ಕೂತು ಸ್ವಲ್ಪ ಯೋಚಿಸಿದರು. "ರಾಗಿ?"

"ರಾಗಿ ಸುದ್ದಿಗೆ ಇನ್ನೂ ಬಂದಂಗಿಲ್ಲ," ಅಂದ ತಮ್ಮ, "ಆದ್ರೆ ನೀನು ಜೋರಾಗಿ ಹೇಳ್ಬ್ಯಾಡ."