ಬೀಗದ ಮಾವ

ನಮ್ಮ ಸೋದರಮಾವ ಮನೆಗೆ ಬೀಗ ಹಾಕಿದರೆ ಮೂರು ಸಲ ಜಗ್ಗುತ್ತಾರೆ. ಗೇಟಿನ ತನಕ ಹೋಗಿ, ತಿರುಗಿ ಬಂದು ನಾಲ್ಕನೇ ಸಲ. ಬಸ್ ಸ್ಟಾಪಿನಲ್ಲಿ ಅತ್ತೆಯ ಕಡೆ ನೋಡಿ, "ಜಗ್ಗಿದೆ ಅಲ್ವೇನೇ?" ಎನ್ನುತ್ತಾರೆ. "ಇನ್ನೊಂದು ಸಲ ಜಗ್ಗಿದ್ರೆ ಬೀಗ ಕೈಗೇ ಬರ್ತಿತ್ತು," ಎನ್ನುತ್ತಾರೆ ಅತ್ತೆ.

ಇಂಥವರು ಬೀದಿಗೊಬ್ಬರು ಇದ್ದೇ ಇರುತ್ತಾರೆ. ಆದರೆ ನಮ್ಮವರು ಹವ್ಯಾಸಿಯಲ್ಲ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವರು. ಸ್ಟ್ರಾಂಗ್‌ರೂಮಿಗೆ ಎರಡು ಬೀಗದಕೈ, ಇಬ್ಬರ ಬಳಿ ಒಂದೊಂದು, ಇಬ್ಬರೂ ಬಂದು ನಿಂತರೇ ಬಾಗಿಲು. ಆ ಎರಡರಲ್ಲಿ ಒಂದು ಇವರ ಸೊಂಟದಲ್ಲಿ ಸವೆದಿದೆ. ಕ್ಯಾಷ್ ಕೌಂಟರಿನಿಂದ ಅಂಟಿಬಂದ ಅಭ್ಯಾಸ ಇನ್ನೊಂದು: ಏನನ್ನು ಎಣಿಸಿದರೂ ಬಾಯಲ್ಲಿ ಹೇಳಿಕೊಂಡೇ ಎಣಿಸಬೇಕು. ನೋಟಾಗಲಿ, ಮೆಟ್ಟಿಲಾಗಲಿ, ನನ್ನ ತಟ್ಟೆಗೆ ಬಿದ್ದ ದೋಸೆಯಾಗಲಿ.

ನಿವೃತ್ತರಾದ ಮೇಲೆ ಇವರ ಕೈಗೆ ಒಂದು ಡೇಟಾಬೇಸ್ ಸಿಕ್ಕಿತು.

ಅತ್ತೆಯ ಹಪ್ಪಳ, ಸಂಡಿಗೆ, ಮೆಂತ್ಯದ ಹಿಟ್ಟಿಗೆ ಗಿರಾಕಿಗಳು ಹೆಚ್ಚಾಗಿ, ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಆರ್ಡರುಗಳೆಲ್ಲ ದೂರದ ಯಾವುದೋ ಹೋಸ್ಟಿಂಗ್ ಕಂಪನಿಯ ಸರ್ವರಿನಲ್ಲಿ, ಮೈಎಸ್‌ಕ್ಯೂಎಲ್ ಕೋಷ್ಟಕದಲ್ಲಿ ಕೂರುತ್ತಿದ್ದವು. ಮಾವ ಸಂಜೆ ಮನೆಯ ಕಂಪ್ಯೂಟರಿನಿಂದ ಅಲ್ಲಿಗೆ ಹೊಕ್ಕು ಲೆಕ್ಕ ಎತ್ತಬೇಕು. ಹೊಕ್ಕ ಮೊದಲ ದಿನವೇ ಅವರಿಗೆ ಎದೆ ಹೊಡೆದುಕೊಂಡಿತು. ಯಾವ ಐಪಿಯಿಂದ ಬಂದವರನ್ನು ಒಳಗೆ ಬಿಡಬೇಕು ಎನ್ನುವ ಕಡೆ ಹುಡುಗ ಶೇಕಡಾ ಚಿಹ್ನೆಯೊಂದನ್ನು ಹಾಕಿಟ್ಟಿದ್ದ. ಅಂದರೆ, ಜಗತ್ತಿನ ಯಾವ ಮೂಲೆಯಿಂದಾದರೂ ಬನ್ನಿ.

"ಮೂವತ್ತೈದು ವರ್ಷ ಪರ್ಸೆಂಟ್ ಅಂದ್ರೆ ಬಡ್ಡಿ ಅಂದ್ಕೊಂಡಿದ್ದೆ ಕಣೋ. ಇಲ್ಲಿ ನೋಡಿದ್ರೆ ಧರ್ಮಛತ್ರ!"

ಹಪ್ಪಳದ ಲೆಕ್ಕ ಕದ್ದು ಯಾರಿಗೇನಾಗಬೇಕು ಮಾವ ಎಂದೆ. "ಹಪ್ಪಳ ಅಲ್ವೋ. ನಾನೂರು ಮನೆ ವಿಳಾಸ, ಫೋನ್ ನಂಬರು. ತಿಂಗಳಿಗೆ ಕಾಲು ಕೆಜಿ, ಖಾರ ಕಮ್ಮಿ ಅಂತ ತರಿಸ್ಕೊಳ್ಳೋ ಮನೇಲಿ ಯಾರಿದ್ದಾರೆ? ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಕಳ್ಳನಿಗೆ ಇನ್ನೇನು ಬೇಕು?" ನಾನು ಬಾಯಿ ಮುಚ್ಚಿಕೊಂಡೆ. ಮಾವನನ್ನು ನೋಡಿ ಎಷ್ಟು ನಕ್ಕರೂ ಈ ಮಾತಿಗೆ ನಗಲು ಆಗಿಲ್ಲ. 3306 ಮೈಎಸ್‌ಕ್ಯೂಎಲ್ ಬಾಗಿಲಿನ ನಂಬರು ಎಂದು ಕಳ್ಳರಿಗೆಲ್ಲ ಬಾಯಿಪಾಠ. 2017ರಲ್ಲಿ ಬಾಗಿಲು ತೆರೆದೇ ಮಲಗಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸುಗಳನ್ನು ಗುಡಿಸಿ, ಬಿಟ್‌ಕಾಯಿನ್ ಕೊಟ್ಟರೆ ವಾಪಸ್ ಎಂದು ಚೀಟಿ ಇಟ್ಟುಹೋಗಿದ್ದರು.

ಮಾವ ಚಿಹ್ನೆ ಅಳಿಸಿ ತಮ್ಮ ಮನೆಯ ಐಪಿ ಒಂದನ್ನೇ ಬರೆದರು. ಆ ರಾತ್ರಿ ನಿಶ್ಚಿಂತೆಯಿಂದ ಮಲಗಿದರು. ಬೆಳಗ್ಗೆ ಕರೆಂಟು ಹೋಗಿ ಬಂತು. ಇಂಟರ್ನೆಟ್ಟಿನವರು ಹೊಸ ಐಪಿ ಕೊಟ್ಟರು. ಮಾವ ತಮ್ಮ ಮನೆ ಬಾಗಿಲಲ್ಲೇ ಅಪರಿಚಿತರಾದರು. ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ ಹೀಗೆ. ಸಾಲದ್ದಕ್ಕೆ ಆ ಐಪಿಯೂ ಅವರೊಬ್ಬರದಲ್ಲ, ವಠಾರದ ನಲ್ಲಿಯ ಹಾಗೆ ಹತ್ತಾರು ಮನೆಗಳಿಗೆ ಒಂದೇ ಎಂದು ತಿಳಿಯಿತು. ಅಂದಿನಿಂದ ಎದುರುಮನೆಯ ಮಹಡಿಯಲ್ಲಿ ಸದಾ ಹೆಡ್‌ಫೋನ್ ಹಾಕಿಕೊಂಡು ಕೂರುವ ಹುಡುಗನ ಮೇಲೆ ಮಾವನ ಕಣ್ಣು.

ಕೊನೆಗೆ ಸಿಕ್ಕಿದ್ದು ಸುರಂಗ. ನಮ್ಮ ಮೈಸೂರು ಕಡೆ ಯಾವ ಹಳೇ ದೇವಸ್ಥಾನಕ್ಕೆ ಹೋದರೂ, ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇದೆ ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಹೊಕ್ಕು ಆ ಕಡೆ ಎದ್ದವರು ಮಾತ್ರ ಸಿಗುವುದಿಲ್ಲ. ಮಾವ ಹೊಕ್ಕು ಎದ್ದರು. ಡೇಟಾಬೇಸಿನ ಬೀದಿಬಾಗಿಲನ್ನು ಪೂರ್ತಿ ಮುಚ್ಚಿಸಿದರು. ಅದೀಗ 127.0.0.1ಕ್ಕೆ, ಎಂದರೆ ತನ್ನ ಮನೆಯೊಳಗಿನವರ ದನಿಗೆ ಮಾತ್ರ ಓಗೊಡುತ್ತದೆ. ಎಸ್‌ಎಸ್‌ಎಚ್ ಎಂಬ ಸುರಂಗದಲ್ಲಿ ಇಲ್ಲಿ 3307ರಲ್ಲಿ ಇಳಿದರೆ ಅಲ್ಲಿ ಸರ್ವರಿನೊಳಗೇ, 3306ರ ಮುಂದೆ ಏಳುವುದು. ದಾರಿಯಲ್ಲಿ ಯಾರು ಇಣುಕಿದರೂ ಕಾಣುವುದು ಬರೀ ಗೋಜಲು. ಇಲ್ಲಿಯೂ 3306 ಯಾಕಲ್ಲ ಎಂದರೆ, ಆ ಬಾಗಿಲಲ್ಲಿ ಮಾವ ಅಭ್ಯಾಸಕ್ಕೆಂದು ಹಾಕಿಕೊಂಡ ಸ್ವಂತ ಮೈಎಸ್‌ಕ್ಯೂಎಲ್ ಕಾಲು ನೀಡಿ ಕೂತಿದೆ.

1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಯಾರೋ ಜಾಲಕ್ಕೆ ಕಿವಿಯಿಟ್ಟು ಪಾಸ್‌ವರ್ಡ್ ಕದ್ದರು. ಅದಕ್ಕೆ ರೋಸಿ ಟಾಟು ಯುಲೋನೆನ್ ಎಂಬಾತ ಎಸ್‌ಎಸ್‌ಎಚ್ ಬರೆದ. ಮೈಎಸ್‌ಕ್ಯೂಎಲ್ ಕಟ್ಟಿದವರಲ್ಲೊಬ್ಬನಾದ ಮೈಕಲ್ ವಿಡೆನಿಯಸ್ ಕೂಡ ಫಿನ್ಲೆಂಡಿನವನೇ. ದೊಡ್ಡ ಮಗಳ ಹೆಸರು ಅದಕ್ಕಿಟ್ಟ, ಆಮೇಲಿನ ಮಾರಿಯಾಡಿಬಿಗೆ ಚಿಕ್ಕ ಮಗಳದು. "ನಮ್ಮ ಲಾರಿಯವರ ಹಾಗೇ ಕಣೋ, ಮಕ್ಕಳ ಹೆಸರು ಬರೆಸಿದಾನೆ," ಎಂದು ಮಾವನಿಗೆ ಅವನ ಮೇಲೆ ಮಮತೆ.

ಸುರಂಗಕ್ಕೆ ಪಾಸ್‌ವರ್ಡ್ ಬೇಡ, ಕೀ ಜೋಡಿ ಇರಲಿ ಎಂದಾಗ ಮಾವ ಕರಗಿಹೋದರು. ಎರಡು ಕೀ! ಹಳೇ ಸ್ಟ್ರಾಂಗ್‌ರೂಮೇ ಕಣ್ಣಮುಂದೆ. ಆದರೆ ಒಂದು ವಾರ ಯೋಚಿಸಿ ನನ್ನನ್ನೇ ತಿದ್ದಿದರು: "ಪಬ್ಲಿಕ್ ಕೀ ಅನ್ನೋದು ಕೀ ಅಲ್ಲ ಕಣೋ, ಬೀಗ. ಅದನ್ನ ಸರ್ವರಿಗೆ ಹಾಕಿ ಬರಬೇಕು. ಬೀಗದಕೈ ನನ್ನ ಹತ್ರ." ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಕೊಟ್ಟಿಲ್ಲ. ಒಮ್ಮೆ ಆ ಬೀಗದಕೈಯ ಫೈಲನ್ನು ಆ ಕಂಪ್ಯೂಟರ್ ಬಳಸುವ ಉಳಿದವರೂ ಓದುವಂತೆ ಇಟ್ಟುಬಿಟ್ಟಿದ್ದರು. ಹೀಗೆ ಹರವಿಟ್ಟ ಕೀಯನ್ನು ನಾನು ಮುಟ್ಟುವುದಿಲ್ಲ ಎಂದು ಎಸ್‌ಎಸ್‌ಎಚ್ ಖಡಾಖಂಡಿತ ಹೇಳಿತು. ಮಾವನಿಗೆ ಬೇಜಾರಾಗಲಿಲ್ಲ. "ಇದು ನಮ್ಮ ವಂಶದ್ದು," ಎಂದರು.

ಮೊದಲ ಸಲ ಹೊಕ್ಕಾಗ ಸರ್ವರಿನ ಬೆರಳಚ್ಚನ್ನು ತೋರಿಸಿ, ಇದು ಸರಿಯೇ ಎಂದು ಕೇಳುತ್ತದೆ. ನಾವೆಲ್ಲ ಓದದೆ ಯೆಸ್ ಒತ್ತುತ್ತೇವೆ. ಚೆಕ್ಕಿನ ಸಹಿಯನ್ನು ಸ್ಪೆಸಿಮೆನ್ ಕಾರ್ಡಿನ ಪಕ್ಕ ಹಿಡಿದು ನೋಡಿದ ಕಣ್ಣು ಹಾಗೆ ಒತ್ತೀತೇ? ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿ, ಸಹಾಯಕ್ಕೆ ಕೂತ ಪಾಪದ ಹುಡುಗನಿಂದ 43 ಅಕ್ಷರಗಳನ್ನೂ ಓದಿಸಿದರು. "ಅದು ಸ್ಮಾಲ್ ಎಲ್ಲೋ, ಒಂದೋ? ಸರಿಯಾಗಿ ನೋಡಿ ಹೇಳಪ್ಪ." ಮುಕ್ಕಾಲು ಗಂಟೆ.

ಅತ್ತೆಗೂ ಒಂದು ಖಾತೆ ತೆರೆದಿದ್ದಾರೆ: ನೋಡಬಹುದು, ಮುಟ್ಟುವ ಹಾಗಿಲ್ಲ. ಹಪ್ಪಳ ಅತ್ತೆಯದು, ಗಿರಾಕಿಗಳೂ ಅತ್ತೆಯವರೇ. "ನಾನು ಮಡೀಲಿದ್ದಾಗ ನಿಮ್ಮನ್ನ ಅಡುಗೆಮನೆಗೆ ಬಿಡ್ತಿರಲಿಲ್ಲವಲ್ಲ, ಅದರ ಸೇಡು," ಎಂದು ಅತ್ತೆಯ ಅನುಮಾನ.

ಕೀಗೂ ಒಂದು ಪಾಸ್‌ಫ್ರೇಸ್ ಇದೆ. ಪ್ರತಿ ತಿಂಗಳು ಒಂದನೇ ತಾರೀಕು ಬದಲಾಯಿಸುವುದು ಮಾವನ ನಿಯಮ. ಎಲ್ಲಿಯೂ ಬರೆದಿಡುವುದಿಲ್ಲ. ಯುಗಾದಿಯ ಹಿಂದಿನ ವಾರ, ಆರ್ಡರು ಮೇಲಿಂದ ಮೇಲೆ ಬೀಳುವ ಹೊತ್ತಿನಲ್ಲಿ, ಅದು ಮರೆತುಹೋಯಿತು. ಮರೆತಿರಾ ಎಂದು ಕೇಳುವ ಲಿಂಕ್ ಇದಕ್ಕಿಲ್ಲ. ಮಾವ ಹತ್ತು ಸಲ ಒತ್ತಿದರು, ಚಾವಣಿ ನೋಡಿದರು, ಪಂಚೆಯ ತುದಿಯಿಂದ ಕನ್ನಡಕ ಒರೆಸಿದರು.

"ಕ್ಯಾಪಿಟಲ್ ಎಂ ಮಲ್ಲಿಗೆ, ಮೂರು ಮೊಳ, ಸಾವಿರದ ಒಂಬೈನೂರ ಎಂಬತ್ನಾಲ್ಕು, ಕೊನೇಲಿ ಆಶ್ಚರ್ಯ ಚಿಹ್ನೆ," ಎಂದು ಅಡುಗೆಮನೆಯಿಂದ ದನಿ ಬಂತು. "ನಮ್ಮ ಮದುವೆ ವರ್ಷಾನೂ ಮರೆತು ಹೋಯ್ತೇ?"

ಸುರಂಗ ತೆರೆಯಿತು. ಮಾವ ಪರದೆಯ ಕಡೆ ನೋಡಲೇ ಇಲ್ಲ.

"ನಿನಗೆ ಹೇಗೆ ಗೊತ್ತಾಯ್ತೇ?"

"ನೋಟು ಎಣಿಸಿದ ಹಾಗೆ ಬಾಯಲ್ಲಿ ಹೇಳ್ಕೊಂಡೇ ಒತ್ತುತ್ತೀರಲ್ಲ. ಹೂವಿನವಳಿಗೂ ಗೊತ್ತು. ನಾನು ಯಾವತ್ತೂ ಮೂರು ಮೊಳ ತಗೊಂಡೋಳಲ್ಲ, ಒಂದನೇ ತಾರೀಕಿಂದ ಅವಳು ಮೂರೇ ಅಳೆದು ಕೊಡ್ತಿದಾಳೆ."

ಮಾವ ಎದ್ದು ಕಿಟಕಿಯ ಬಳಿ ಹೋದರು. ಎದುರು ಮಹಡಿಯ ಕಡೆ ಕತ್ತು ಚಾಚಿ, "ಅವತ್ತು ಆ ಹುಡುಗ ಹೆಡ್‌ಫೋನ್ ಹಾಕ್ಕೊಂಡಿದ್ನೇನೋ?" ಎಂದು ನನ್ನನ್ನು ಕೇಳಿದರು. ಕಿಟಕಿ ಮುಚ್ಚಿ, ಚಿಲಕವನ್ನು ಮೂರು ಸಲ ಜಗ್ಗಿ ನೋಡಿ, ಹೊಸ ಪಾಸ್‌ಫ್ರೇಸ್ ಒತ್ತಲು ಕೂತರು. ತುಟಿ ಅಲುಗತೊಡಗಿತು.

"ಈ ಸಲ ಸ್ವಲ್ಪ ಚಿಕ್ಕದು ಇಟ್ಕೊಳ್ಳಿ," ಎಂದರು ಅತ್ತೆ ಒಳಗಿನಿಂದ. "ನನಗೂ ವಯಸ್ಸಾಯ್ತು, ನೆನಪಿರಲ್ಲ."